ಲ್ಯಾಪ್‌ಟಾಪ್ ಕೊಡೋ ಮುಂಚೆ: ಓಇಎಮ್ ಇನ್‌ಸ್ಟಾಲ್ ಕಲಿಯೋಣ

ಕಳೆದ ರಜೆಯಲ್ಲಿ ನನ್ನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿ ಬೇಗೂರಿನಲ್ಲಿರೋ ಚಿಕ್ಕಪ್ಪನ ಮಗಳಿಗೆ ಕೊಟ್ಟೆ. ಅವಳು ಪಿಯುಸಿ ಓದ್ತಿದ್ದಾಳೆ. ತಿಂಗಳಾದ್ಮೇಲೆ ಹೋಗಿ ನೋಡಿದ್ರೆ ಅದು ಬೀರು ಮೇಲೆ ಧೂಳು ಹಿಡೀತಾ ಕೂತಿತ್ತು. ಯಾಕೆ ಅಂದೆ. "ಆನ್ ಮಾಡಿದ್ರೆ ನಿನ್ ಹೆಸ್ರೇ ಬರುತ್ತೆ ಅಣ್ಣ. ನಿನ್ ವಸ್ತು ಹಾಳಾದ್ರೆ ಅಂತ ಭಯ" ಅಂದಳು.

ತಪ್ಪು ನನ್ನದೇ. ನನ್ನ ಹೆಸರು, ನನ್ನ ಪಾಸ್‌ವರ್ಡ್ ಹಾಕಿ ಕೊಟ್ಟಿದ್ದೆ. ಅಂಗಡಿಯ ಹೊಸ ಲ್ಯಾಪ್‌ಟಾಪ್ ಹಾಗಿರಲ್ಲ. ಓಎಸ್ ಮೊದಲೇ ಇರುತ್ತೆ, ಹೆಸರು ಮಾತ್ರ ಕೊಂಡವರು ಹಾಕ್ತಾರೆ. ನಾವೂ ಹಾಗೇ ಮಾಡಬಹುದು. ಅದಕ್ಕೇ ಮಿಂಟ್‌ನಲ್ಲಿ ಓಇಎಮ್ ಇನ್‌ಸ್ಟಾಲ್ ಇದೆ.

1. ಹಳೇ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡ್ಕೊಳ್ಳಿ. ಡಿಸ್ಕ್ ಪೂರ್ತಿ ಅಳಿಸಿಹೋಗುತ್ತೆ.

2. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೆನುವಿನಲ್ಲಿ "ಓಇಎಮ್ ಇನ್‌ಸ್ಟಾಲ್" ಆರಿಸಿ. ರ‍್ಯಾಮ್ ಕಮ್ಮಿ ಇದ್ರೆ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು.

3. ಇನ್‌ಸ್ಟಾಲ್ ಆದ್ಮೇಲೆ "ಓಇಎಮ್" ಅನ್ನೋ ತಾತ್ಕಾಲಿಕ ಯೂಸರ್ ಆಗಿ ಒಳಗೆ ಹೋಗ್ತೀರಿ. ಅಪ್‌ಡೇಟ್ ಮಾಡಿ. ವೈಫೈ, ಸೌಂಡ್ ಪರೀಕ್ಷಿಸಿ. ಕನ್ನಡ ಫಾಂಟ್ ಮತ್ತು ಟೈಪಿಂಗ್‌ಗೆ ಐಬಸ್ ಎಮ್17ಎನ್ ಹಾಕಿ. ನುಡಿಯಲ್ಲಿ ಟೈಪ್ ಮಾಡೋರಿಗೆ ಗೊತ್ತಿರೋ ಕೆಜಿಪಿ ಕೀಲಿಮಣೆ ಅದರಲ್ಲೇ ಸಿಗುತ್ತೆ.

4. ಡೆಸ್ಕ್‌ಟಾಪ್‌ನಲ್ಲಿರೋ "ಪ್ರಿಪೇರ್ ಫಾರ್ ಶಿಪ್ಪಿಂಗ್ ಟು ಎಂಡ್ ಯೂಸರ್" ಐಕಾನ್ ಒತ್ತಿ, ಶಟ್‌ಡೌನ್ ಮಾಡಿ. ಅಷ್ಟೇ.

ಮುಂದಿನ ಸಲ ಆನ್ ಮಾಡಿದಾಗ ಭಾಷೆ, ಕೀಬೋರ್ಡ್, ಹೆಸರು, ಪಾಸ್‌ವರ್ಡ್ ಎಲ್ಲಾ ಹೊಸಬರನ್ನೇ ಕೇಳುತ್ತೆ. ಓಇಎಮ್ ಯೂಸರ್ ಅಳಿಸಿಹೋಗುತ್ತೆ. ಇಲ್ಲೊಂದು ಮುಖ್ಯ ವಿಷಯ: ಆ ಯೂಸರ್‌ನ ಹೋಮ್ ಫೋಲ್ಡರ್‌ನಲ್ಲಿ ಇಟ್ಟಿದ್ದೂ ಅದರ ಜೊತೆಗೇ ಹೋಗುತ್ತೆ. ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್, ಫಾಂಟ್ ಸಿಸ್ಟಮ್‌ಗೆ ಸೇರಿದ್ದು, ಅದು ಉಳಿಯುತ್ತೆ. ಹಾಗಾಗಿ ವಾಲ್‌ಪೇಪರ್ ಬದಲಾಯಿಸ್ತಾ ಟೈಮ್ ವೇಸ್ಟ್ ಮಾಡ್ಬೇಡಿ. ಕೀಲಿಮಣೆ ಆರಿಸೋದನ್ನ ಅವರ ಪಕ್ಕ ಕೂತು ತೋರಿಸಿ.

ನಮ್ಮ ತಾಲ್ಲೂಕಿನ ಗಡಿ ದಾಟಿದ್ರೆ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಉಬುಂಟು ಆಧಾರಿತ ಓಎಸ್ ಬಳಸ್ತಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ನಿಮ್ಮ ಮನೇಲೂ ಒಂದು ಹಳೇ ಲ್ಯಾಪ್‌ಟಾಪ್ ಸುಮ್ಮನೆ ಇರಬಹುದು. ಗುಜರಿಗೆ ಹಾಕೋ ಮುಂಚೆ ಯೋಚಿಸಿ.

ದಸರಾ ರಜೆಯಲ್ಲಿ ತಂಗಿಯ ಲ್ಯಾಪ್‌ಟಾಪ್‌ಗೆ ಹೀಗೇ ಮತ್ತೆ ಮಾಡಿದೆ. ಹೆಸರು ಕೇಳೋ ಪರದೆ ಬಂದಾಗ ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಪಾಸ್‌ವರ್ಡ್ ಹಾಕುವಾಗ "ಆಚೆ ನೋಡಣ್ಣ" ಅಂದಳು. ಈಗ ಅದು ಬೀರು ಮೇಲಿಲ್ಲ.