ಅಂದಿನ ಕಾಗದ ಅಂದೇ: ನೌಕರರ ಕಡತ ಕಲಿಸಿದ ಏಳು ಪಾಠಗಳು

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳ ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ತಕರಾರು ಲೇಬರ್ ಕೋರ್ಟ್ ಮೆಟ್ಟಿಲೇರಿದಾಗ ಮಾಲೀಕರ ಕೈಹಿಡಿಯುವುದು ಆಯಾ ದಿನವೇ ಬರೆದಿಟ್ಟ, ನೌಕರರಿಗೂ ಗೊತ್ತಿರುವ ಕಾಗದ. ಆ ಮಾತಿನ ವಿವರ ಇಲ್ಲಿದೆ.

1. ನೇಮಕಾತಿ ಪತ್ರದಿಂದಲೇ ಕಡತ ಶುರುವಾಗಲಿ.
"ಎಲ್ಲಾ ನಂಬಿಕೆ ಮೇಲೆ ನಡೀತಿದೆ" ಎನ್ನುವವರೇ ನಂಬಿಕೆ ಕೆಟ್ಟ ದಿನ ಪೇಚಿಗೆ ಸಿಲುಕುತ್ತಾರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಈ ಪತ್ರಕ್ಕೆ 30 ದಿನಗಳ ಗಡುವು ಇಟ್ಟಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಇದನ್ನು ಕಡ್ಡಾಯ ಮಾಡಿವೆ. ಹುದ್ದೆ, ಸೇರಿದ ದಿನ, ಮೂಲ ವೇತನ, ಭತ್ಯೆ ಎಲ್ಲವೂ ನೌಕರರು ಓದಬಲ್ಲ ಭಾಷೆಯಲ್ಲಿರಲಿ. ಒಂದು ಪ್ರತಿ ಅವರಿಗೆ, ಅವರ ಸಹಿಯಿರುವ ಇನ್ನೊಂದು ಕಡತಕ್ಕೆ.

2. ಹೆಸರು ಎಲ್ಲ ಕಡೆ ಒಂದೇ ಆಗಿರಲಿ.
ಆಧಾರ್‌ನಲ್ಲಿ ‘ಮಂಜುನಾಥ ಕೆ.’, ಬ್ಯಾಂಕಿನಲ್ಲಿ ‘ಕೆ. ಮಂಜುನಾಥ್’, ಪಿಎಫ್‌ನಲ್ಲಿ ‘ಮಂಜುನಾಥ ಕೃಷ್ಣಪ್ಪ’ ಎಂದಿದ್ದರೆ ಕ್ಲೇಮ್ ತಿಂಗಳುಗಟ್ಟಲೆ ನಿಂತೀತು. ಸೇರುವ ದಿನವೇ ಹೆಸರು, ಜನ್ಮದಿನಾಂಕ ತಾಳೆ ನೋಡಿ. ಪಿಎಫ್‌ನ ಹಳೆಯ ಯುಎಎನ್ ಸಂಖ್ಯೆ ಇದೆಯೇ ಎಂದು ಕೇಳಿ.

3. ಹಾಜರಾತಿಯನ್ನು ತಿಂಗಳ ಕೊನೆಗೆ ಕೂತು ತುಂಬಬೇಡಿ.
ನಾನು ಕಂಡ ಒಂದು ಪ್ರಕರಣದಲ್ಲಿ ಇಡೀ ವರ್ಷದ ಹಾಜರಾತಿ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೂ ಚಿತ್ತಿಲ್ಲದೆ ಇತ್ತು. ಎದುರು ಪಕ್ಷದ ವಕೀಲರು ಒಂದು ಪುಟ ತೆರೆದರು. ನೌಕರ ಇಎಸ್‌ಐ ಆಸ್ಪತ್ರೆಯಲ್ಲಿ ಮಲಗಿದ್ದ ವಾರದಲ್ಲೂ ಅವನ ಹೆಸರಿನ ಮುಂದೆ ‘ಪಿ’ ಬಿದ್ದಿತ್ತು. ಆಮೇಲೆ ಮಾಲೀಕರ ನಿಜವಾದ ದಾಖಲೆಗಳಿಗೂ ಬೆಲೆ ಉಳಿಯಲಿಲ್ಲ. ಬಯೋಮೆಟ್ರಿಕ್ ಇದ್ದರೂ ಎಚ್ಚರ: ಅದರ ಪ್ರಿಂಟನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು.

4. ಎಚ್ಚರಿಕೆಯನ್ನು ಬರೆದೇ ಕೊಡಿ.
‘ನಡತೆ ಸರಿಯಿಲ್ಲ’ ಎಂಬ ಮೆಮೊದಿಂದ ಏನೂ ಸಾಬೀತಾಗದು. ‘ಇಂಥ ದಿನ, ಎರಡನೇ ಪಾಳಿಯಲ್ಲಿ, ಸೇಫ್ಟಿ ಗಾರ್ಡ್ ತೆಗೆದು ಪ್ರೆಸ್ ಓಡಿಸಿದಿರಿ’ ಎಂದು ಬರೆಯಿರಿ. ಉತ್ತರಕ್ಕೆ ಸಮಯ ಕೊಡಿ, ಬಂದ ಉತ್ತರವನ್ನೂ ಅದೇ ಕಡತದಲ್ಲಿಡಿ. ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳದ ಜೀವನಾಧಾರ ಭತ್ಯೆ ಕೊಡಬೇಕು; ಕೊಟ್ಟ ರಸೀದಿಯೂ ಇರಬೇಕು.

5. ನಾಮಿನೇಷನ್ ಹಳತಾಗಲು ಬಿಡಬೇಡಿ.
ಮದುವೆಗೆ ಮುಂಚೆ ಮಾಡಿದ ಪಿಎಫ್ ನಾಮಿನೇಷನ್ ಮದುವೆಯಾದ ಮೇಲೆ ಊರ್ಜಿತವಲ್ಲ. ಮದುವೆಯ ಕರೆಯೋಲೆ ಆಫೀಸಿಗೆ ಬಂತೆಂದರೆ ಹೊಸ ನಾಮಿನೇಷನ್ ಮಾಡಿಸಲು ಅದೇ ಸೂಚನೆ. ಮನೆ ನಡೆಸುವವರು ತೀರಿಕೊಂಡಾಗ ಅವರ ಹೆಂಡತಿ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುವುದು ಇದರಿಂದ ತಪ್ಪುತ್ತದೆ.

6. ಗುಟ್ಟಿನ ಕಾಗದಕ್ಕೆ ಬೇರೆ ಬೀಗ.
ವೈದ್ಯಕೀಯ ವರದಿ, ಆಧಾರ್ ಪ್ರತಿ ಎಲ್ಲರ ಕೈಗೆ ಸಿಗಬಾರದು. ವಾಟ್ಸಾಪ್ ಗ್ರೂಪಿಗಂತೂ ಹೋಗಲೇಬಾರದು. ಲೈಂಗಿಕ ಕಿರುಕುಳದ ದೂರಿನ ವಿವರ ಬಯಲು ಮಾಡುವುದನ್ನು 2013ರ ಕಾಯ್ದೆಯೇ ನಿಷೇಧಿಸಿದೆ. ಆ ಕಡತ ಆಂತರಿಕ ಸಮಿತಿಯ ಬಳಿಯಿರಲಿ.

7. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.
ಸೇರುವಾಗಲೇ ರಾಜೀನಾಮೆಗೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ. ಅಂಥ ಕಾಗದ ಮಾಲೀಕರಿಗೇ ತಿರುಗುಬಾಣವಾಗುತ್ತದೆ. ಬಿಟ್ಟು ಹೋಗುವವರಿಗೆ ವೇತನ ಸಂಹಿತೆಯಂತೆ ಎರಡು ಕೆಲಸದ ದಿನಗಳಲ್ಲಿ ಬಾಕಿ ಸಂಬಳ ಕೊಡಿ. ರಜೆ, ಓಟಿ, ಮುಂಗಡದ ಲೆಕ್ಕವನ್ನು ಸಾಲುಸಾಲಾಗಿ ತೋರಿಸಿ, ಹಣವನ್ನು ಬ್ಯಾಂಕಿಗೇ ಹಾಕಿ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಅತಿ ಹೆಚ್ಚು ವರ್ಷ ದುಡಿದವರ ಕಡತ ತೆಗೆದು, ಅವರನ್ನೇ ಎದುರಿಗೆ ಕೂರಿಸಿಕೊಂಡು ಪುಟಪುಟ ಓದಿ. ಅವರಿಗೆ ತೋರಿಸಲು ಹಿಂಜರಿಯುವಂಥ ಕಾಗದ ಸಿಕ್ಕರೆ, ಸರಿಪಡಿಸುವ ಕೆಲಸ ಅಲ್ಲಿಂದಲೇ ಶುರುವಾಗಲಿ.