ಆತಿಥೇಯರ ಕಥೆ, ಅತಿಥಿಯ ಕಥೆ: ಐರಿಷ್ ಕಥನ ಪರಂಪರೆಯ ಒಂದು ತೌಲನಿಕ ಅವಲೋಕನ

1

ಕಥೆ ಯಾರ ಸ್ವತ್ತು? ಹೇಳುವವನದೋ, ಕೇಳುವವನದೋ? ಮೌಖಿಕ ಪರಂಪರೆಯ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗುವ ಈ ಪ್ರಶ್ನೆಗೆ ಐರ್ಲೆಂಡಿನ ಜನಪದರು ತಮ್ಮ ಮನೆಯ ಶಿಷ್ಟಾಚಾರದಲ್ಲಿಯೇ ಉತ್ತರವಿತ್ತಿದ್ದಾರೆ. ಚಳಿಗಾಲದ ರಾತ್ರಿ ಒಲೆಯ ಸುತ್ತ ನೆರೆದಾಗ ಮೊದಲ ಕಥೆ ಮನೆಯ ಯಜಮಾನನದು; ಅಲ್ಲಿಂದ ಬೆಳಗಿನವರೆಗಿನ ಕಥೆಗಳು ಅತಿಥಿಯವು ಎಂಬುದು ಅಲ್ಲಿಯ ರೂಢಿ. ಈ ರೂಢಿಯಲ್ಲಿ ಕಥೆ ಸ್ವತ್ತಲ್ಲ, ಆತಿಥ್ಯದ ಋಣ. ಅನ್ನ ಕೊಟ್ಟವನಿಗೂ ಉಂಡವನಿಗೂ ಆ ಋಣದ ಭಾಗವುಂಟು. ಈ ತತ್ತ್ವವನ್ನು ಒಂದು ಐರಿಷ್ ಕಥೆ ಹಾಗೂ ಒಂದು ಕನ್ನಡ ಕಥೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಐರಿಷ್ ಪರಂಪರೆಯಲ್ಲಿ ಕಥೆಗಾರರು ಎರಡು ಬಗೆ. ವೀರಗಾಥೆಗಳನ್ನೂ ಅದ್ಭುತ ಕಥೆಗಳನ್ನೂ ದೀರ್ಘವಾಗಿ ನಿರೂಪಿಸುವವನು ‘ಸ್ಕೇಲೀ’. ಊರಿನ ಐತಿಹ್ಯ, ವಂಶಾವಳಿ, ಸ್ಥಳಪುರಾಣಗಳನ್ನು ನೆನಪಿನಲ್ಲಿರಿಸಿಕೊಂಡವನು ‘ಶನಖೀ’. ನವೆಂಬರಿನಿಂದ ಮಾರ್ಚಿಯ ನಡುವಿನವರೆಗೆ, ಹೊಲಗೆಲಸ ತಗ್ಗಿದ ದೀರ್ಘ ರಾತ್ರಿಗಳೇ ಇವರ ಋತು. ಊರೂರು ಅಲೆಯುವ ಭಿಕ್ಷುಕನೂ ಹೊಸ ಕಥೆ ತಂದರೆ ಮರ್ಯಾದೆಯ ಅತಿಥಿಯಾಗುತ್ತಿದ್ದನು.

ಪ್ರಾಚೀನ ಐರಿಷ್ ಕಥನದಲ್ಲಿ ಗದ್ಯಪದ್ಯಗಳು ಬೆರೆತು ನಡೆಯುವುದು ಚಂಪೂ ಪರಂಪರೆಯ ನಮಗೆ ಅಪರಿಚಿತವಲ್ಲ. ಘಟನೆಯನ್ನು ಗದ್ಯ ಹೊರುತ್ತದೆ. ಶೋಕ, ಸ್ತುತಿ, ಸಂವಾದಗಳು ತೀವ್ರಗೊಂಡಾಗ ಪದ್ಯ ಮೂಡುತ್ತದೆ. ಸುಮಾರು ಕ್ರಿ.ಶ. 1200ರ ‘ವೃದ್ಧರ ಸಂವಾದ’ವೆಂಬ ಕೃತಿ ಇದಕ್ಕೆ ಉತ್ತಮ ನಿದರ್ಶನ. ವೀರನಾದ ಫಿನ್‌ನ ಪಡೆಯಲ್ಲಿ ಅಳಿದುಳಿದ ಕೀಲ್ಚೆ ಸಂತ ಪ್ಯಾಟ್ರಿಕನೊಡನೆ ಸಂಚರಿಸುತ್ತ, ಬೆಟ್ಟಬೆಟ್ಟಕ್ಕೂ ಕೆರೆಕೆರೆಗೂ ಸಂಬಂಧಿಸಿದ ಕಥೆಯನ್ನೂ ಪದ್ಯವನ್ನೂ ನುಡಿಯುತ್ತಾನೆ. ಅನ್ಯಧರ್ಮದ ಈ ಕಥೆಗಳನ್ನು ತಾನು ಕೇಳಬಹುದೇ ಎಂದು ಸಂತನಿಗೆ ಶಂಕೆ. ಕೇಳಬೇಕು, ಮಾತ್ರವಲ್ಲ, ಬರೆಯಿಸಿಡಬೇಕು ಎಂದು ದೇವದೂತರು ಆದೇಶಿಸುತ್ತಾರೆ. ಹಳೆಯ ಲೋಕದ ಕೊನೆಯ ವಕ್ತೃವಿಗೆ ಹೊಸ ಲೋಕದ ಶ್ರೋತೃ ದೊರೆತ ಪ್ರಸಂಗವಿದು.

3

ಐರ್ಲೆಂಡಿನಲ್ಲಿ ಹಲವು ಪಾಠಾಂತರಗಳಲ್ಲಿ ಪ್ರಚಲಿತವಾದ ಕಥೆಯೊಂದುಂಟು: ‘ಕಥೆಯಿಲ್ಲದ ಮನುಷ್ಯ’. ಬುಟ್ಟಿ ಹೆಣೆದು ಬದುಕುವವನೊಬ್ಬ ಬೆತ್ತದಂಥ ಕಡ್ಡಿಗಳನ್ನು ಕೊಯ್ಯಲು ಹೋಗಿ ಮಂಜಿನಲ್ಲಿ ದಾರಿ ತಪ್ಪುತ್ತಾನೆ. ದೀಪ ಕಂಡ ಮನೆಯಲ್ಲಿ ವೃದ್ಧ ದಂಪತಿಗಳು ಅವನಿಗೆ ಊಟವಿಕ್ಕಿ ಒಂದು ಕಥೆ ಕೇಳುತ್ತಾರೆ. ತನಗೆ ಯಾವ ಕಥೆಯೂ ಬಾರದೆನ್ನುತ್ತಾನೆ ಆತ. ಹಾಗಾದರೆ ನೀರನ್ನಾದರೂ ತಾ ಎಂದು ಬಾವಿಗೆ ಕಳುಹಿಸುತ್ತಾರೆ. ಅಲ್ಲಿ ಬಿರುಗಾಳಿಯೊಂದು ಅವನನ್ನೆತ್ತಿ ಸಾವಿನ ಮನೆಗೆ ಒಯ್ಯುತ್ತದೆ. ಎಂದೂ ಪಿಟೀಲು ಮುಟ್ಟದವನು ಅಲ್ಲಿ ಪಿಟೀಲು ನುಡಿಸಬೇಕಾಗುತ್ತದೆ, ಪಾದ್ರಿಯಾಗಬೇಕಾಗುತ್ತದೆ, ವೈದ್ಯನೂ ಆಗಬೇಕಾಗುತ್ತದೆ. ಗಾಳಿ ಮತ್ತೆ ಬಾವಿಯ ಬಳಿಗೆ ತಂದುಬಿಟ್ಟಾಗ, ಇನ್ನು ಮುಂದೆ ಕೇಳಿದವರಿಗೆ ಹೇಳಲು ಅವನಲ್ಲಿ ಒಂದು ಕಥೆಯುಂಟು.

ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ, 1991ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಸಂಕಲನದಲ್ಲಿ ಸೇರಿಸಿದ ಕನ್ನಡ ಕಥೆ ಇದರ ಮಗ್ಗುಲಲ್ಲಿ ನಿಲ್ಲುತ್ತದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಅವಳು ಮಲಗಿದ್ದಾಗ ತೆರೆದ ಬಾಯಿಂದ ಹೊರಬಿದ್ದು, ಕಥೆ ಬಾಗಿಲಲ್ಲಿ ಜೋಡಿ ಪಾದರಕ್ಷೆಯಾಯಿತು, ಹಾಡು ಗೂಟದಲ್ಲಿ ತೂಗುವ ಗಂಡಸಿನ ಅಂಗಿಯಾಯಿತು. ಗಂಡ ಸಂಶಯಪಟ್ಟು ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದನು. ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ವಾಲೆಗಳು ಅಲ್ಲಿ ಕೂಡಿ ಮಾತಾಡುವಾಗ ನಿಜಾಂಶ ಅವನ ಕಿವಿಗೆ ಬಿತ್ತು. ಮನೆಗೆ ಮರಳಿ ಕಥೆಯನ್ನೂ ಹಾಡನ್ನೂ ಕೇಳಿದರೆ, ಅವಳಿಗೆ ಎರಡೂ ಮರೆತುಹೋಗಿದ್ದವು.

ಎರಡೂ ಕಥೆಗಳು ಒಂದೇ ಧರ್ಮದ ಎರಡು ಉಲ್ಲಂಘನೆಗಳನ್ನು ಕುರಿತವು. ಅಲ್ಲಿ ಅತಿಥಿಗೆ ಕಥೆಯಿಲ್ಲ. ಇಲ್ಲಿ ಮನೆಯೊಡತಿ ಇದ್ದುದನ್ನು ಹಂಚಲಿಲ್ಲ. ಆದರೆ ಶಿಕ್ಷೆಯಲ್ಲಿ ಭೇದವಿದೆ. ಇಲ್ಲದವನಿಗೆ ಲೋಕವೇ ಕಥೆಯನ್ನು ಒದಗಿಸಿಕೊಡುತ್ತದೆ. ಹಂಚದವಳಿಗೆ ಇದ್ದುದೂ ಉಳಿಯುವುದಿಲ್ಲ. ಜನಪದರ ದೃಷ್ಟಿಯಲ್ಲಿ ಬಡತನಕ್ಕೆ ಪರಿಹಾರವುಂಟು, ಬಚ್ಚಿಡುವುದಕ್ಕಿಲ್ಲ.

4

ಹಂಚುವ ಮನಸ್ಸಿದ್ದೂ ಕೇಳುವವರೇ ಇಲ್ಲದಿದ್ದರೆ? ಈ ಮೂರನೆಯ ಸ್ಥಿತಿಯನ್ನು ಮೇಲಿನ ಕಥೆಗಳು ಊಹಿಸಿಲ್ಲ. ಐರಿಷ್ ಇತಿಹಾಸ ಅದನ್ನು ಕಂಡಿತು. 1845ರಿಂದಾರಂಭಿಸಿದ ಮಹಾಕ್ಷಾಮದ ಸಾವು ಮತ್ತು ವಲಸೆಗಳು ಐರಿಷ್ ನುಡಿಯ ಪಶ್ಚಿಮ ಪ್ರಾಂತಗಳನ್ನೇ ಹೆಚ್ಚು ಬಾಧಿಸಿದವು. ಕೆರಿ ಪ್ರಾಂತದ ಶಾನ್ ಓ ಕೊನಿಲ್ (1853–1931) ಶಾಲೆಯ ಮುಖ ಕಂಡವನಲ್ಲ, ಇಂಗ್ಲಿಷ್ ಅರಿತವನಲ್ಲ. ಕೇಳುಗರು ವಿರಳವಾದಾಗ, ಕಥೆಗಳು ಮರೆತುಹೋದಾವೆಂಬ ಭಯದಿಂದ ದನ ಮೇಯಿಸುವಾಗ ಕಲ್ಲುಗೋಡೆಗೆ ಹಾವಭಾವಸಹಿತ ಕಥೆ ಹೇಳುತ್ತಿದ್ದನು. ಸಂತೆಯಿಂದ ಮರಳುವಾಗ ಗಾಡಿಯ ಹಿಂಬದಿಗೆ ಹೇಳುತ್ತಿದ್ದನು. 1923ರಲ್ಲಿ ಅವನನ್ನು ಭೇಟಿಯಾದ ಶೇಮಸ್ ಓ ಡುಲ್ಯಾರ್ಗ ವರ್ಷಗಳ ಕಾಲ ಅವನಿಂದ ಬರೆದುಕೊಂಡ ಕಥೆಗಳು 1948ರಲ್ಲಿ ಗ್ರಂಥವಾದವು.

ಇದೇ ವಿದ್ವಾಂಸರ ನೇತೃತ್ವದಲ್ಲಿ 1935ರಲ್ಲಿ ಐರಿಷ್ ಜಾನಪದ ಆಯೋಗ ರೂಪುಗೊಂಡಿತು. ಅದರ ಸಂಗ್ರಹ 1971ರಲ್ಲಿ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. 2017ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಆದರೆ ಆಯೋಗದ ಕಾರ್ಯಗಳಲ್ಲಿ 1937–39ರ ಶಾಲಾ ಯೋಜನೆಯೇ ನನಗೆ ಹೆಚ್ಚು ಅರ್ಥಪೂರ್ಣವೆನಿಸುತ್ತದೆ. ಸುಮಾರು 50,000 ಶಾಲಾಮಕ್ಕಳು ತಮ್ಮ ಮನೆಯ, ನೆರೆಮನೆಯ ಹಿರಿಯರಿಂದ ಕಥೆ, ಪದ್ಯ, ಗಾದೆಗಳನ್ನು ಕೇಳಿ ಬರೆದು ತಂದರು. ಇದರಿಂದ ಪುಟಗಳು ತುಂಬಿದುವಷ್ಟೇ ಅಲ್ಲ; ಗೋಡೆಗೆ ಹೇಳಿಕೊಳ್ಳಬೇಕಾಗಿದ್ದ ಹಿರಿಯರೆದುರು ಒಂದೊಂದು ಮಗು ಬಂದು ಕುಳಿತಿತು.

ಹೊರನಾಡಿನ ಕನ್ನಡ ವಿಭಾಗಗಳಿಗೆ ಇದು ದೂರದ ಮಾತಲ್ಲ. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಊರಿನಿಂದ ಬಂದ ಅಜ್ಜಿಯರಿದ್ದಾರೆ. ಮೊಮ್ಮಕ್ಕಳ ಮಾತು ಮರಾಠಿಗೋ ಹಿಂದಿಗೋ ಹೊರಳಿದಂತೆ ಅವರ ಮೌನ ಬೆಳೆಯುತ್ತಿದೆ. ಆ ಮೌನವನ್ನು ಮರೆವೆಂದು ಭಾವಿಸುವ ಮುನ್ನ, ಕೇಳಬೇಕಾದವರು ಕೇಳಿದ್ದಾರೆಯೇ ಎಂದು ವಿಚಾರಿಸುವುದು ನ್ಯಾಯ. ಕನ್ನಡ ಕಥೆಯ ಗಂಡನೂ ಕೇಳಿದ್ದು ಕೊನೆಯಲ್ಲಿ. ಆ ಹೊತ್ತಿಗೆ ಹೊತ್ತು ಮೀರಿತ್ತು.