ಸಿಂಧುವಾದ ಪಾಪನಿವೇದನೆ: ಅತ್ತಿಬೆಲೆ ಕಡೆಯವರಿಗೆ ಕೆಲವು ಸೂತ್ರಗಳು

ಹಳೆಯ ಲತೀನ್ ಪೂಜೆಗೆ ಮನಸೋತ ಕಥೋಲಿಕರನ್ನು ಒಂದು ಪ್ರಶ್ನೆ ಕಾಡುತ್ತದೆ: ನನಗೆ ಸಿಕ್ಕ ಪಾಪವಿಮೋಚನೆ ನಿಜಕ್ಕೂ ಸಿಂಧುವೇ? ಅತ್ತಿಬೆಲೆ, ಚಂದಾಪುರ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ಪಾಳಿ ಮೇಲೆ ದುಡಿಯುವವರಿಗೆ ಹೊತ್ತು, ಭಾಷೆಗಳ ತೊಡಕೂ ಸೇರಿಕೊಳ್ಳುತ್ತದೆ.

1. ಮೊದಲು ಅಧಿಕಾರ ವಿಚಾರಿಸಿ. ಪೂಜೆ ಸಿಂಧುವಾಗಲು ಗುರುದೀಕ್ಷೆ ಸಾಕು, ಪಾಪನಿವೇದನೆಗೆ ಸಾಲದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 966ನೇ ಕಲಂ ಪ್ರಕಾರ, ಕ್ಷಮಿಸುವ ಅಧಿಕಾರವನ್ನೂ ಗುರುವಿಗೆ ಧರ್ಮಸಭೆ ಕೊಟ್ಟಿರಬೇಕು. ಯಾವ ಧರ್ಮಾಧ್ಯಕ್ಷರಿಗೂ ಒಳಪಡದೆ ಬಾಡಿಗೆ ಹಾಲ್‌ನಲ್ಲಿ ಲತೀನ್ ಪೂಜೆ ಅರ್ಪಿಸುವ ಗುರುಗಳು ಎಷ್ಟೇ ಭಕ್ತಿವಂತರಾಗಿರಲಿ, ಆ ಅಧಿಕಾರವಿಲ್ಲದೆ ಅವರು ಕೊಡುವ ವಿಮೋಚನೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. "ಸ್ವಾಮಿ, ತಮಗೆ ಪಾಪನಿವೇದನೆ ಕೇಳುವ ಅನುಮತಿ ಕೊಟ್ಟವರು ಯಾರು?" ಎಂದು ಕೇಳಲು ಸಂಕೋಚ ಬೇಡ. ಸರಿಯಾದ ಗುರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

2. ಹಳೆಯ ಲತೀನ್ ಪೂಜೆಯನ್ನೇ ಅರ್ಪಿಸುವ ಎಸ್‌ಎಸ್‌ಪಿಎಕ್ಸ್ (ಸಂತ ಹತ್ತನೇ ಪಯಸ್ ಸಂಘ) ಗುರುಗಳ ವಿಷಯ ಬೇರೆ. ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲಫೆವ್ರ್ 1970ರಲ್ಲಿ ಕಟ್ಟಿದ ಈ ಸಂಘಕ್ಕೆ ತಮಿಳುನಾಡಿನ ಪಾಳಯಂಕೋಟೆಯಲ್ಲೂ ನೆಲೆಯಿದೆ. ಕರುಣೆಯ ವರ್ಷಕ್ಕೆಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ಇವರಿಗೆ ಪಾಪವಿಮೋಚನೆಯ ಅಧಿಕಾರ ಕೊಟ್ಟರು. 2016ರ ನವೆಂಬರ್ 20ರ ಪತ್ರದಲ್ಲಿ ಅದನ್ನು ಆ ವರ್ಷದಾಚೆಗೂ ಮುಂದುವರಿಸಿದರು. ಅಧಿಕಾರ ಬಂದದ್ದು ರೋಮ್‌ನಿಂದ ಎಂಬುದು ನೆನಪಿರಲಿ. ಹೊಸ ಆದೇಶ ಬಂದಿದೆಯೇ ಎಂದು ಹೋಗುವ ಮುನ್ನ ನೋಡಿಕೊಳ್ಳಿ.

3. ಹೊಸ ವಿಧಿಗೆ ಹೆದರಬೇಡಿ. ಪಾಪನಿವೇದನೆಯ ವಿಧಿ 1973ರಲ್ಲಿ ಪರಿಷ್ಕೃತವಾಯಿತು ನಿಜ. ಆದರೆ ಅದರ ಜೀವಾಳವಾದ 'ಎಗೋ ತೇ ಅಬ್ಸೋಲ್ವೋ' ಹಾಗೆಯೇ ಇದೆ. ನಿಮ್ಮ ಪಾಪಗಳನ್ನು ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಕ್ಷಮಿಸುತ್ತೇನೆ ಎಂದು ಗುರು ಕನ್ನಡದಲ್ಲಿ ಹೇಳಿದರೂ ಸಂಸ್ಕಾರ ಪೂರ್ಣ. ಲತೀನ್ ಸಿಗಲಿಲ್ಲವೆಂದು ಮಾರಕ ಪಾಪ ಹೊತ್ತು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಅದು ನನಗೆ ಬಹಳ ನೋವಿನ ಸಂಗತಿ. ಹತ್ತಿರದ ಧರ್ಮಕೇಂದ್ರದಲ್ಲಿ ಇವತ್ತೇ ಸಿಗುವ ಕ್ಷಮೆಯನ್ನು ಅವರು ತಾವಾಗಿಯೇ ದೂರ ಮಾಡಿಕೊಳ್ಳುತ್ತಿದ್ದಾರೆ.

4. ಗಡಿಯ ಚಿಂತೆ ಬೇಡ. ಅತ್ತಿಬೆಲೆ ಬೆಂಗಳೂರು ಮಹಾಧರ್ಮಕ್ಷೇತ್ರದ್ದು, ಹೊಸೂರು ಧರ್ಮಪುರಿ ಧರ್ಮಕ್ಷೇತ್ರದ್ದು. ತಮ್ಮ ಧರ್ಮಾಧ್ಯಕ್ಷರಿಂದ ಕಾಯಂ ಅಧಿಕಾರ ಪಡೆದ ಗುರುಗಳು, ಸ್ಥಳೀಯ ಧರ್ಮಾಧ್ಯಕ್ಷರು ಬೇಡವೆನ್ನದ ಹೊರತು, ಎಲ್ಲಿ ಬೇಕಾದರೂ ಪಾಪನಿವೇದನೆ ಕೇಳಬಹುದು. ನೀವು ಗಡಿ ದಾಟಿ ಹೋದರೂ ಅಷ್ಟೇ, ಅವರು ಬಂದರೂ ಅಷ್ಟೇ.

5. ಹೊತ್ತು ಗೊತ್ತುಮಾಡಿಕೊಳ್ಳಿ. ಶನಿವಾರ ಸಂಜೆ ಸೆಕೆಂಡ್ ಶಿಫ್ಟ್ ಇದ್ದರೆ ಫಾದರ್‌ಗೆ ಮೊದಲೇ ಫೋನ್ ಮಾಡಿ. ಜನರಿಗೆ ಅನುಕೂಲವಾದ ದಿನ, ಹೊತ್ತಿನಲ್ಲಿ ಪಾಪನಿವೇದನೆಗೆ ಅವಕಾಶ ಕೊಡುವುದು ಅವರ ಕರ್ತವ್ಯ ಎನ್ನುತ್ತದೆ 986ನೇ ಕಲಂ. ಫೋನು ಹೊತ್ತು ಕೇಳುವುದಕ್ಕೆ ಮಾತ್ರ. ಫೋನಿನಲ್ಲಾಗಲಿ ವಿಡಿಯೊ ಕಾಲ್‌ನಲ್ಲಾಗಲಿ ಪಾಪನಿವೇದನೆ ಸಲ್ಲದು.

6. ಜಾಲರಿಯ ಮರೆ ಬೇಕಿದ್ದರೆ ಕೇಳಿ. ಎದುರುಬದುರು ಕೂರಲೇಬೇಕೆಂದಿಲ್ಲ. ಬೇಕೆನ್ನುವವರಿಗಾಗಿ ಜಾಲರಿಯಿರುವ ಪೀಠ ದೇವಾಲಯದಲ್ಲಿ ಇರಬೇಕೆಂಬ ನಿಯಮವಿದೆ.

7. ಭಾಷೆ ಬಾರದಿದ್ದರೂ ದಾರಿಯಿದೆ. ನಿಮಗೆ ಕನ್ನಡ, ಗುರುವಿಗೆ ಮಲಯಾಳಂ ಎಂಬ ಸ್ಥಿತಿ ಬಂದರೆ ದುಭಾಷಿಯ ಮೂಲಕವೂ ಹೇಳಿಕೊಳ್ಳಬಹುದು. ಆ ದುಭಾಷಿಯೂ ಗುಟ್ಟು ಕಾಯಲೇಬೇಕು.

8. ನಿಮ್ಮ ಪಾಲು ಪೂರೈಸಿ. ಗುರುವಿನ ಅಧಿಕಾರವನ್ನು ಅಷ್ಟೆಲ್ಲ ತೂಗಿ ನೋಡಿದವರು ತಮ್ಮ ಪಶ್ಚಾತ್ತಾಪವನ್ನೂ ತೂಗಿಕೊಳ್ಳಬೇಕು. ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಮೂರನ್ನೂ 1551ರಲ್ಲೇ ಟ್ರೆಂಟ್ ಮಹಾಸಭೆ ಸ್ಪಷ್ಟಪಡಿಸಿದೆ. ಮಾರಕ ಪಾಪಗಳನ್ನು ಬಗೆ ಸಹಿತ, ನೆನಪಿರುವಷ್ಟು ಲೆಕ್ಕ ಸಹಿತ ಹೇಳಿ. ಬೇಕೆಂದೇ ಒಂದನ್ನು ಮುಚ್ಚಿಟ್ಟರೆ, ಲತೀನ್‌ನಲ್ಲಿ ಕ್ಷಮಿಸಿದರೂ ಪ್ರಯೋಜನವಿಲ್ಲ.

9. ಜೀವ ಹೋಗುವ ಹೊತ್ತಿನಲ್ಲಿ ವಿಚಾರಣೆ ಬೇಡ. ಹೆದ್ದಾರಿಯಲ್ಲಿ ಅಪಘಾತವಾಗಲಿ, ಆಸ್ಪತ್ರೆಯ ಐಸಿಯುನಲ್ಲಾಗಲಿ, ಸಾವಿನ ಅಪಾಯವಿದ್ದರೆ ಯಾವ ಗುರುವಾದರೂ ಕ್ಷಮಿಸಬಲ್ಲರು. ಅಧಿಕಾರ ಇಲ್ಲದವರೂ, ಗುರುವೃತ್ತಿಯಿಂದ ಬಿಡುಗಡೆಯಾದವರೂ ಸಹ. ಇದು 976ನೇ ಕಲಂ. ಮನೆಯವರಿಗೂ ಇದನ್ನು ತಿಳಿಸಿಟ್ಟಿರಿ.

10. ಕೊಟ್ಟ ಪ್ರಾಯಶ್ಚಿತ್ತವನ್ನು ಮುಂದೂಡಬೇಡಿ. ಜಪಗಳಾದರೆ ದೇವಾಲಯದಲ್ಲೇ ಮೊಣಕಾಲೂರಿ ಮುಗಿಸಿ, ಆಮೇಲೆ ಬಸ್ ಹಿಡಿಯಿರಿ.